ಹಾಲು ಉಕ್ಕಿಸಿ ಹೋದವಳು

ಇಂಥದ್ದನ್ನು ಬರೆಯುವವಳು ನಾನಲ್ಲ. ನಾನು ನರ್ಸ್. ಆಸ್ಪತ್ರೆಗಳಲ್ಲಿ ದೆವ್ವದ ಕಥೆಗಳಿಗೆ ಬರವಿಲ್ಲ. ಆ ಮೂಲೆಯ ಮಂಚದಲ್ಲಿ ಮಲಗಿದವರು ಉಳಿಯುವುದಿಲ್ಲ, ಈ ವಾರ್ಡಿನಲ್ಲಿ ಯಾರೋ ನರಳುವುದು ಕೇಳುತ್ತದೆ ಎಂದು ಆಯಾಗಳು ಹೇಳುತ್ತಲೇ ಇರುತ್ತಾರೆ. "ಮೊದಲ ಆ ಮಂಚದ ಬೆಡ್‌ಶೀಟ್ ಬದಲಿಸ್ರೀ, ದೆವ್ವ ತಾನಾ ಬಿಟ್ಟು ಹೋಗ್ತೈತಿ" ಎಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ಮನೆಯಲ್ಲಿ ಅವ್ವನ ಶಕುನ, ಒಳ್ಳೆಯ ದಿನ, ಕೆಟ್ಟ ದಿನಗಳನ್ನೂ ಹೀಗೇ ತಳ್ಳಿಹಾಕುತ್ತಿದ್ದೆ. ಮೂರು ವರ್ಷದ ಹಿಂದಿನ ಒಂದು ಸೋಮವಾರದವರೆಗೆ ನನ್ನ ಧೈರ್ಯ ಹಾಗೇ ಇತ್ತು. ಆ ದಿನ ನಡೆದದ್ದನ್ನು ಹೇಗೆ ನಡೆಯಿತೋ ಹಾಗೆ ಬರೆಯುತ್ತೇನೆ. ನಂಬಿರೆಂದು ಕೇಳುವುದಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ನನ್ನ ತವರು ಮುದಗಲ್. ಗಂಡ ತೀರಿಕೊಂಡ ಮೇಲೆ ಮಗಳು ಗೌರಿಯನ್ನು ಕರೆದುಕೊಂಡು ಅವ್ವನ ಮನೆಗೆ ಬಂದಿದ್ದೆ. ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಬೆಂಗಳೂರಿನವರು ನಗಬಹುದು, ಆದರೆ ಮುದಗಲ್ಲಿನವಳಿಗೆ ಸಿಂಧನೂರೇ ದೊಡ್ಡ ಸಿಟಿ. ಅಲ್ಲಿನ ಸಂಬಳ ನಮ್ಮ ಕಡೆ ಕನಸಿನಲ್ಲೂ ಬರುವುದಿಲ್ಲ, ಅಲ್ಲಿನ ಮನೆ ಬಾಡಿಗೆಯೂ ಹಾಗೆಯೇ. ಎರಡು ತಿಂಗಳು ಬಸ್ಸಿನಲ್ಲೇ ಓಡಾಡಿದೆ. ಲಿಂಗಸುಗೂರಿಗೆ ಒಂದು ಬಸ್ಸು, ಅಲ್ಲಿಂದ ಮಸ್ಕಿ ಮೇಲೆ ಸಿಂಧನೂರಿಗೆ ಇನ್ನೊಂದು. ದಿನಾ ತಡ. ಕೊನೆಗೆ ಮ್ಯಾನೇಜರ್ ಒಂದನೇ ತಾರೀಖಿನೊಳಗೆ ಊರಲ್ಲೇ ಮನೆ ಮಾಡಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಇತ್ತ ತಮ್ಮನ ಮದುವೆ ಗೊತ್ತಾಗಿತ್ತು. ಇದ್ದದ್ದೇ ಎರಡು ಖೋಲಿಯ ಮನೆ. ಯಾರೂ ನನ್ನನ್ನು ಹೋಗು ಎನ್ನಲಿಲ್ಲ, ಆದರೆ ಸುಣ್ಣ ಬಳಿಯುವವನು ಬಂದು ನನ್ನ ಟ್ರಂಕು ಎಲ್ಲಿಡಲಿ ಎಂದು ಕೇಳಿದಾಗ ಯಾರೂ ಜಾಗ ತೋರಿಸಲಿಲ್ಲ.

ಲೇಡೀಸ್ ಹಾಸ್ಟೆಲ್ಲಿನಲ್ಲಿ ಮಗುವನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ. ಹೊಸ ಅಪಾರ್ಟ್‌ಮೆಂಟುಗಳ ಬಾಡಿಗೆ ಕೇಳಿ ಮೆಟ್ಟಿಲು ಹತ್ತದೆಯೇ ಇಳಿದೆ. ಉಳಿದದ್ದು ಗಲ್ಲಿ ಗಲ್ಲಿಯ ಮನೆಗಳು. ಅಲ್ಲಿ ಬಾಡಿಗೆಗಿಂತ ಮೊದಲು ಪ್ರಶ್ನೆಗಳು ಬರುತ್ತಿದ್ದವು. ಯಾವ ಮಂದಿ? ಮನೆಯಲ್ಲಿ ಎಷ್ಟು ಜನ? "ಗಂಡಸರು ಯಾರೂ ಇಲ್ಲೇನ್ರಿ?" ನೈಟ್ ಡ್ಯೂಟಿ ಎಂದ ಕೂಡಲೇ ಮುಖಗಳು ಬದಲಾಗುತ್ತಿದ್ದವು. ನಾನು ರಾತ್ರಿಯಿಡೀ ಅವರಂಥವರ ಅವ್ವ-ಅಪ್ಪಂದಿರಿಗೇ ಸಲೈನ್ ಏರಿಸುತ್ತೇನೆ, ಆದರೆ ಅದನ್ನು ಬಾಗಿಲಲ್ಲಿ ನಿಂತು ಹೇಳಲು ಆಗುತ್ತದೆಯೇ? ಮೂರು ರಜೆ ಹೀಗೇ ಹೋದವು.

ಆ ಸೋಮವಾರ ನನಗೆ ಉಳಿದಿದ್ದ ಕೊನೆಯ ರಜೆ. ಗೌರಿಯನ್ನೂ ಕರೆದೊಯ್ಯಬೇಕೆಂದುಕೊಂಡಿದ್ದೆ, ಮಗುವಿನ ಮುಖ ನೋಡಿಯಾದರೂ ಯಾರಾದರೂ ಕರಗಿಯಾರೆಂದು. ಅವಳು ಜಡೆ ಹಾಕಿಸಿಕೊಂಡು, ಕೆಂಪು ಫ್ರಾಕು ತೊಟ್ಟು ತಯಾರಾಗಿದ್ದಳು. ಕೊನೆ ಗಳಿಗೆಯಲ್ಲಿ ಶಾಲೆಯ ಪರೀಕ್ಷೆ ನೆನಪಾಗಿ ಬಿಟ್ಟು ಹೊರಟೆ. ಅವ್ವ ಒಂದು ಸಣ್ಣ ಗಂಟು ತಂದು ಚೀಲಕ್ಕೆ ಹಾಕಿದಳು. ಅದರಲ್ಲಿ ಒಂದಷ್ಟು ಬಿಳಿಜೋಳ, ಒಂದು ಹರಳು ಬೆಲ್ಲ.

"ಸೋಮವಾರ ಛಲೋ ಐತಿ. ಮನಿ ಸಿಕ್ಕರ ಇವತ್ತ ಹಾಲು ಉಕ್ಕಿಸಿ ಬಾ. ಸಾಮಾನು ಆಮ್ಯಾಲೆ ಒಯ್ದರಾತು."

ನಮ್ಮಲ್ಲಿ ಹಾಗೆ ಮಾಡುವುದುಂಟು. ಒಳ್ಳೆಯ ದಿನ ನೋಡಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಿ, ತುಂಬಿದ ಕೊಡ ಇಟ್ಟು ಬಂದರೆ ಮನೆ ಹೊಕ್ಕಂತೆಯೇ ಲೆಕ್ಕ. ಸಿಂಧನೂರಿನಂಥ ಕಾಲುವೆ ಕಡೆಯವರು ಕೊಡದ ಕೆಳಗೆ ಅಕ್ಕಿ ಹರಡುತ್ತಾರೆ, ನಾವು ಒಣ ಭೂಮಿಯವರು ಜೋಳ. ಅದರ ನಡುವೆ ಬೆಲ್ಲ ಇಡುವುದು ಮಾತ್ರ ನಮ್ಮ ಅವ್ವನ ಮನೆತನದ ರೂಢಿ, ಬೇರೆಲ್ಲೂ ನಾನು ನೋಡಿಲ್ಲ. ನನಗೆ ಸಿಟ್ಟು ಬಂತು. ಮನೆಯೇ ಇಲ್ಲದವಳಿಗೆ ಹಾಲೇನು, ಜೋಳವೇನು ಎಂದು ಗಂಟನ್ನು ಚೀಲದಿಂದ ತೆಗೆದು ಗೋಡೆಯ ಗೂಡಿನಲ್ಲಿಟ್ಟು ಹೊರಟುಬಿಟ್ಟೆ.

ಮಸ್ಕಿ ಹತ್ತಿರ ಬಸ್ಸಿನ ಟೈರು ಒಡೆಯಿತು. ಬದಲಿ ಬಸ್ಸು ಬರುವವರೆಗೆ ಎರಡು ತಾಸಿಗೂ ಹೆಚ್ಚು ಜಾಲಿ ಗಿಡದ ನೆರಳಲ್ಲಿ ಕೂತೆವು. ಬೆಳಿಗ್ಗೆ ಒಂಬತ್ತೂವರೆಗೆ ಮುಟ್ಟಬೇಕಾದವಳು ಸಿಂಧನೂರಲ್ಲಿ ಇಳಿದಾಗ ಹನ್ನೆರಡಾಗಿತ್ತು.

ಜೊತೆಯ ನರ್ಸ್ ಒಬ್ಬಳು ಮೂರು ವಿಳಾಸ ಬರೆದುಕೊಟ್ಟಿದ್ದಳು. ಮೊದಲ ಮನೆಯ ಹೆಂಗಸು ಬಾಗಿಲು ತೆರೆದವಳೇ, ನಾನು ಬಾಯಿ ಬಿಡುವ ಮೊದಲು, "ಮತ್ತ ಬಂದ್ರೇನ್ರೀ? ಮುಂಜಾನಿನ ಹೇಳಿದೆನಲ್ಲ, ನಮ್ಮನಿಯವರು ಒಲ್ಲೆ ಅಂದಾರ" ಎಂದಳು. ನಾನು ಈಗಷ್ಟೇ ಬಸ್ ಇಳಿದೆ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಬಾಗಿಲು ಹಾಕಿಕೊಂಡಳು. ಯಾರನ್ನೋ ನೋಡಿ ನಾನೆಂದುಕೊಂಡಿರಬೇಕು ಎಂದು ನಡೆದೆ. ನಮ್ಮಂತೆ ಮನೆ ಹುಡುಕುವವರು ಆ ಊರಲ್ಲಿ ನೂರು ಜನ ಇರುತ್ತಾರೆ.

ಎರಡನೆಯದು ಒಬ್ಬ ಹಿರಿಯರ ಮನೆ. ಅಕ್ಕಿ ಗಿರಣಿಯಲ್ಲಿ ಗುಮಾಸ್ತಿಕೆ ಮಾಡಿ ಬಿಟ್ಟವರು, ಒಳ್ಳೆಯ ಮನುಷ್ಯ. ಕಟ್ಟೆಯ ಮೇಲೆ ಕೂತಿದ್ದವರು ನನ್ನನ್ನು ಕಂಡೊಡನೆ ಒಳಗೆ ಹೋಗಿ ನೀರು ತಂದುಕೊಟ್ಟರು.

"ಈ ಬಿಸಲಾಗ ಇನ್ನೂ ತಿರಗಾಕತ್ತೀಯೇನು ತಂಗಿ? ನಾ ಆಗಳೆ ಹೇಳಿದೆ, ಮ್ಯಾಲಿನ ಮನಿ ಕೊಟ್ಟಬಿಟ್ಟೀನಿ. ಸಣ್ಣಾಕಿ ಎಲ್ಲಿ ಹೋಗ್ಯಾಳ?"

"ಯಾವ ಸಣ್ಣಾಕಿ ರೀ?"

"ನಿನ್ನ ಮಗಳು. ಕೆಂಪು ಫ್ರಾಕು ಹಾಕ್ಕೊಂಡಿದ್ದಳಲ್ಲ. ಎರಡು ಲೋಟ ನೀರು ಕುಡದಳು ಪಾಪ."

ಲೋಟವನ್ನು ಕಟ್ಟೆಯ ಮೇಲಿಟ್ಟೆ. ರಸ್ತೆಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಗೌರಿ ಎಲ್ಲಿ ಎಂದರೆ, "ಎಲ್ಲಿರ್ತಾಳ, ಸಾಲಿಗೆ ಹೋಗ್ಯಾಳ" ಎಂದಳು. ಶಾಲೆಗೂ ಫೋನ್ ಮಾಡಿಸಿದೆ. ಮಗಳು ಪರೀಕ್ಷೆ ಬರೆಯುತ್ತಿದ್ದಳು. ಅಷ್ಟಾದರೂ ಸಮಾಧಾನ ಆಗಲಿಲ್ಲ. ಬಸ್ಸು ಕೆಡದಿದ್ದರೆ, ಗೌರಿಯನ್ನು ಕರೆತಂದಿದ್ದರೆ, ಬೆಳಿಗ್ಗೆ ಆ ಎರಡು ಬಾಗಿಲಲ್ಲಿ ನಿಂತಿರುತ್ತಿದ್ದವರು ನಾವೇ ಅಲ್ಲವೇ? ಈ ಯೋಚನೆ ಬಂದದ್ದೇ ತಪ್ಪಾಯಿತು, ಕೊನೆಯ ವಿಳಾಸ ಹುಡುಕಿಕೊಂಡು ಹೋಗುವಾಗಲೂ ತಲೆಯಿಂದ ಹೋಗಲಿಲ್ಲ.

ಮೂರನೆಯ ಮನೆಯಲ್ಲಿ ಬಾಗಿಲನ್ನೂ ತೆರೆಯಲಿಲ್ಲ. ಕಿಟಕಿಯಿಂದ ನನ್ನನ್ನು ನೋಡಿದ ಹೆಣ್ಣುಮಗಳು, "ಒಮ್ಮೆ ಇಲ್ಲಂದ್ರ ತಿಳ್ಯಂಗಿಲ್ಲೇನ್ರೀ ನಿಮಗ?" ಎಂದು ಕೂಗಿದಳು. ಕೇಳುವ ಮೊದಲೇ ಇಲ್ಲ ಎನಿಸಿಕೊಂಡದ್ದು ಆ ದಿನವೇ ಮೊದಲು. ನನ್ನ ಪರವಾಗಿ ಇನ್ಯಾರೋ ಕೇಳಿ, ನನ್ನ ಪಾಲಿನ ಬಾಗಿಲುಗಳನ್ನೆಲ್ಲ ಮುಚ್ಚಿಸಿ ಹೋಗಿದ್ದರು. ಯಾರ ಮೇಲೆ ಸಿಟ್ಟಾಗಲಿ? ಒಂದು ಮೆಡಿಕಲ್ ಅಂಗಡಿಯ ಪಕ್ಕದ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಹೋಗುವ ಬರುವವರು ನೋಡುತ್ತಿದ್ದರು, ನಾಚಿಕೆಯೂ ಆಗಲಿಲ್ಲ. ಒಂದನೇ ತಾರೀಖಿನಿಂದ ಕೆಲಸ ಇಲ್ಲ, ಮುದಗಲ್ಲಿನಲ್ಲಿ ಜಾಗ ಇಲ್ಲ, ಗೌರಿಯನ್ನು ಎಲ್ಲಿ ಮಲಗಿಸಲಿ ಎಂಬುದೊಂದೇ ತಲೆಯಲ್ಲಿತ್ತು.

ನಾಲ್ಕು ಗಂಟೆಯ ಬಸ್ಸಿಗೆ ವಾಪಸ್ಸು ಹೊರಟೆ. ಬಸ್‌ಸ್ಟ್ಯಾಂಡಿಗೆ ಹತ್ತಿರವೆಂದು ಒಂದು ಗಲ್ಲಿ ಹಿಡಿದೆ. ಆ ಗಲ್ಲಿಯಲ್ಲಿ ನಾನು ಅದಕ್ಕೆ ಮೊದಲು ಕಾಲಿಟ್ಟವಳಲ್ಲ. ಅರ್ಧ ದಾರಿಯಲ್ಲಿ ಒಂದು ಗೇಟಿನೊಳಗಿಂದ ಮುದುಕಿಯೊಬ್ಬರು ಕರೆದರು.

"ಯಾಕಬೇ ತಂಗಿ, ಮನಿ ಮರತೇನು? ದಾಟಿ ಹೊಂಟೀಯಲ್ಲ!"

ಅವರು ಶರಣಮ್ಮ. ಹಣೆ ತುಂಬ ವಿಭೂತಿ, ಕೈಯಲ್ಲಿ ಸೂಜಿ ದಾರ, ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದರು. ಕಣ್ಣು ಕಾಣದವರಲ್ಲ, ಇದನ್ನು ನೀವು ಗಮನಿಸಬೇಕು. ನನ್ನ ಎದುರಿಗೇ ಸೂಜಿಗೆ ದಾರ ಪೋಣಿಸಿಕೊಂಡು ಎದ್ದರು. ನಾನು ಏನನ್ನೂ ಕೇಳದೆ ಅವರ ಹಿಂದೆ ಹೋದೆ. ಹಿತ್ತಲ ಕಡೆ ಒಂದು ಖೋಲಿ, ಒಂದು ಅಡಿಗೆಮನೆ, ಮೇಲೆ ಬಂಡೆ ಹಾಸಿದ ಚಾವಣಿ, ಬೇರೆಯದೇ ನೀರಿನ ನಲ್ಲಿ. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಒಳಗೆ ಸಣ್ಣ ಗ್ಯಾಸ್ ಒಲೆಯ ಸುತ್ತ ಉಕ್ಕಿದ ಹಾಲು ಒಣಗಿ ಕಟ್ಟಿತ್ತು. ಮೂಲೆಯಲ್ಲಿ ಆರಿದ ದೀಪ, ಅದರ ಪಕ್ಕದಲ್ಲಿ ತುಂಬಿದ ಕೊಡ.

ಕೊಡದ ಕೆಳಗೆ ಬಿಳಿಜೋಳ ಇತ್ತು. ನಾನು ಕೂತು ಕೊಡವನ್ನು ಸ್ವಲ್ಪ ವಾಲಿಸಿದೆ. ನಡುವೆ ಒಂದು ಹರಳು ಬೆಲ್ಲ, ಅದಕ್ಕೆ ಆಗಲೇ ಇರುವೆಗಳು ಮುತ್ತಿದ್ದವು.

"ನಿಮ್ಮ ಕಡೆ ಜ್ವಾಳ ಇಡ್ತಾರಂತ ನಂಗೂ ಇವತ್ತ ಗೊತ್ತಾತು ನೋಡು" ಎಂದು ಶರಣಮ್ಮ ನಕ್ಕರು. "ಒಲಿ ನಂದ ಐತಿ, ಸಾಮಾನು ತರತನ ಇರಲಿ. ಅಡ್ವಾನ್ಸ್ ಆವಾಗ ಕೊಡ್ತೀನಂದಿ, ಆವಾಗ ಕೊಡು. ಸಣ್ಣ ಮಗಳನ್ನ ಕಟ್ಟಿಕೊಂಡು ಒಬ್ಬಾಕಿ ಅದೀ, ನಂಗೂ ಜೊತಿ ಆಕ್ಕೈತಿ."

ಅವರು ಹೇಳಿದ ಬಾಡಿಗೆ ನನ್ನ ಕೈಗೆ ನಿಲುಕುವಂತಿತ್ತು. ನೈಟ್ ಡ್ಯೂಟಿಯ ಮಾತೂ ಆಗಿಹೋಗಿತ್ತಂತೆ. ಎಲ್ಲವೂ ಆಗಿಹೋಗಿತ್ತು.

"ಅಮ್ಮಾ, ನಾ ಮುಂಜಾನಿ ಬಂದಿಲ್ರೀ. ಬಂದಾಕಿ ಬ್ಯಾರೆ ಯಾರೋ" ಎಂದೆ. ಹೇಳಿದೆ, ಇದು ನಿಜ.

ಅವರು ನನ್ನ ಹಣೆ ಮುಟ್ಟಿ ನೋಡಿದರು. "ಬಿಸಲಿಗೆ ತಲಿ ತಿರಗೇತಿ ನಿಂಗ. ನಿನ್ನ ಕೈಯಾಗಿನ ಹಾಲು ಕುಡದೀನಿ, ನನಗ ಗೊತ್ತಾಗಂಗಿಲ್ಲೇನು?" ಎಂದು ಬೀಗದ ಕೈ ನನ್ನ ಅಂಗೈಯಲ್ಲಿಟ್ಟರು.

ನಾನು ಎರಡನೇ ಸಲ ಹೇಳಲಿಲ್ಲ. ಬೆರಳು ಮಡಚಿಕೊಂಡು ಬಸ್ ಹತ್ತಿದೆ. ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮೊದಲು ಗೂಡು ನೋಡಿದೆ. ಅವ್ವನ ಗಂಟು ನಾನಿಟ್ಟಲ್ಲೇ ಇತ್ತು, ಗಂಟು ಬಿಚ್ಚಿರಲಿಲ್ಲ. ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು, "ಕೊಟ್ಟಾನ ದೇವರು, ಬಾಯಿ ಮುಚ್ಚಿಕೊಂಡಿರು" ಎಂದಳು. ಅವಳ ದೇವರು ಬೇರೊಬ್ಬಳ ಕೈಯಿಂದ ಕಿತ್ತು ಕೊಟ್ಟನೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಮುಂದಿನ ಭಾನುವಾರ ಸಾಮಾನು ಸಾಗಿಸಿದೆವು.

ಮೊದಲ ತಿಂಗಳು ಗೇಟಿನ ಚಿಲಕ ಸದ್ದಾದರೆ ಎದ್ದು ಕಿಟಕಿಗೆ ಹೋಗುತ್ತಿದ್ದೆ. ನನ್ನಂತೆಯೇ ಒಬ್ಬಳು, ಮಗಳ ಕೈ ಹಿಡಿದು, ತಲೆಯ ಮೇಲೆ ಗಂಟು ಹೊತ್ತು ಬರುತ್ತಾಳೆ. ನನ್ನ ಮನೆಯಲ್ಲಿ ನೀನ್ಯಾಕಿದ್ದೀ ಎನ್ನುತ್ತಾಳೆ ಎಂದುಕೊಳ್ಳುತ್ತಿದ್ದೆ. ಕೊಡದ ಕೆಳಗಿನ ಜೋಳವನ್ನು ನಾನು ಬಳಸಲಿಲ್ಲ. ಬಟ್ಟೆಯಲ್ಲಿ ಕಟ್ಟಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ, ಬಂದರೆ ಕೊಡೋಣವೆಂದು. ಬೇರೆ ಆಸ್ಪತ್ರೆಗಳಲ್ಲಿ, ನಮ್ಮ ಕಡೆಯಿಂದ ಬಂದ ಟೀಚರುಗಳಲ್ಲಿ ವಿಚಾರಿಸಿದೆ. ಮುಖ ಹೋಲುವವರು ಯಾರೂ ಸಿಗಲಿಲ್ಲ. ಬರುಬರುತ್ತ ಮರೆತೆ. ಗೌರಿ ಇಲ್ಲಿಯ ಶಾಲೆಗೆ ಹೊಂದಿಕೊಂಡಳು. ಶರಣಮ್ಮನವರು ನಮಗೆ ಮನೆಯವರೇ ಆದರು.

ಕಳೆದ ತಿಂಗಳು ಒಂದು ದಿನ ಅವರು ನಸುಕಿನಲ್ಲೇ ಸಾಲಗುಂದಕ್ಕೆ, ಮಗಳ ಮನೆಗೆ ಹೋಗಿದ್ದರು. ನಾನು ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದ್ದೆ. ಮಧ್ಯಾಹ್ನ ಗೇಟು ಸದ್ದಾಯಿತು. ಅಂಗಳದಲ್ಲಿ ಎರಡು ಜೊತೆ ಚಪ್ಪಲಿಯ ಸಪ್ಪಳ, ಒಂದು ದೊಡ್ಡದು, ಒಂದು ಸಣ್ಣದು.

"ಅಮ್ಮಾರ, ಮನಿ ಐತೇನ್ರಿ ಬಾಡಿಗಿಗೆ?"

ಹೆಂಗಸಿನ ದನಿ. ದಣಿದಿತ್ತು. ನಾನು ಹಾಸಿಗೆಯಿಂದ ಏಳಲಿಲ್ಲ. "ಇಲ್ರೀ, ಖಾಲಿ ಇಲ್ಲ" ಎಂದೆ. ನನ್ನ ದನಿ ಆ ಮೂರನೇ ಮನೆಯ ಕಿಟಕಿಯಿಂದ ಬಂದಂತೆಯೇ ಇತ್ತು.

ಸಣ್ಣ ಚಪ್ಪಲಿ ಗೇಟಿನ ಕಡೆ ಎರಡು ಹೆಜ್ಜೆ ಹೋಗಿ ನಿಂತಿತು. ಆಮೇಲೆ ಆ ದನಿ ಮೆಲ್ಲಗೆ, "ಮುಂಜಾನಿ ಐತಂದ್ರಲ್ರೀ?" ಎಂದಿತು.

ಚಿಲಕ ಬಿದ್ದ ಸದ್ದು ಕೇಳಿದ ಮೇಲೆ ಎದ್ದೆ. ಡಬ್ಬಿಯ ಹಿಂದಿನ ಗಂಟನ್ನು ಹುಡುಕಿ ತೆಗೆದು, ಬರಿಗಾಲಲ್ಲಿ ಗೇಟಿಗೆ ಓಡಿದೆ. ಗಲ್ಲಿಯ ಎರಡೂ ತುದಿ ಬಿಸಿಲಲ್ಲಿ ಖಾಲಿ ಇದ್ದವು. ಆ ದಿನ ಬೆಳಿಗ್ಗೆ ಎಂಟರವರೆಗೆ ನಾನು ಡ್ಯೂಟಿಯಲ್ಲಿದ್ದೆ, ಬಂದ ಮೇಲೆ ಯಾರೂ ಗೇಟು ತೆರೆದಿರಲಿಲ್ಲ, ಶರಣಮ್ಮ ಊರಲ್ಲೇ ಇರಲಿಲ್ಲ, ಗೌರಿ ಶಾಲೆಗೆ ಹೋಗಿದ್ದಳು. ಮನೆ ಇದೆ ಎಂದು ಅವಳಿಗೆ ಯಾರು ಹೇಳಿದರೋ ನನಗೆ ತಿಳಿಯದು.

ಆ ಸೋಮವಾರ ಬಂದವಳು ಯಾರು, ಜೋಳದ ನಡುವೆ ಬೆಲ್ಲ ಇಡುವುದನ್ನು ಅವಳಿಗೆ ಕಲಿಸಿದವರು ಯಾರು, ಕಳೆದ ತಿಂಗಳು ಬಂದವಳು ಅವಳೇ ಹೌದೋ ಅಲ್ಲವೋ, ಇದ್ಯಾವುದನ್ನೂ ವಿವರಿಸಲು ನನ್ನಿಂದ ಆಗುವುದಿಲ್ಲ. ಮೊದಲ ಕೂಗಿಗೇ ನಾನು ಯಾಕೆ ಏಳಲಿಲ್ಲ ಎಂಬುದೊಂದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಅವಳ ದನಿಯ ಗುರುತು ಸಿಕ್ಕಿತ್ತು, ಅದು ನನ್ನದೇ.