ಎರಡು ರೋಲು, ಒಂದೇ ಜೇಬು

ಮಾದಯ್ಯ, ಫಿಲ್ಮ್ ರೋಲುಗಳ ಚೀಟಿ ಅದಲುಬದಲು ಮಾಡಿದವನು ನಾನು. ಅದು ಕೈತಪ್ಪಿ ಆಯಿತು. ಆಮೇಲೆ ಬಾಯಿ ಮುಚ್ಚಿಕೊಂಡಿದ್ದು ಕೈತಪ್ಪಿ ಆಗಿದ್ದಲ್ಲ.

ಆಗಿನ್ನೂ ನಮ್ಮ ಕಾಡಿಗೆ ಡಿಜಿಟಲ್ ಕ್ಯಾಮೆರಾ ಬಂದಿರಲಿಲ್ಲ. ಗುಂಡ್ಲುಪೇಟೆಯಲ್ಲಿ ಡ್ರಿಲ್ ಮೇಷ್ಟರಾಗಿ ನಿವೃತ್ತನಾದ ನಾನು ಹುಲಿ ಸಂಶೋಧಕರ ತಂಡ ಸೇರಿದ್ದೆ. ಮರಗಳಿಗೆ ಕಟ್ಟಿದ ಕ್ಯಾಮೆರಾಗಳ ಉಸ್ತುವಾರಿ ನನ್ನದು, ಹೆಜ್ಜೆ ಹುಡುಕುವುದು ನಿನ್ನದು. ಆರೂಕಾಲಿಗೆ ಜೀಪು ಹೊರಡಬೇಕು. ರೋಲು ಬಿಚ್ಚಿದ ಕೂಡಲೇ ಅದಕ್ಕೆ ಆ ಜಾಗದ ಹೆಸರಿನ ಚೀಟಿ ಅಂಟಿಸಬೇಕು, ಆಮೇಲೆ ಜೇಬಿಗೆ. ಎಲ್ಲ ನನ್ನ ನಿಯಮಗಳೇ. "ಗಡಿಯಾರ ನಿಂತ್ರೂ ನಮ್ ಮೇಷ್ಟ್ರು ನಿಲ್ಲಾಕಿಲ್ಲ ಬುಡಿ" ಎಂದು ನೀನು ನಗುತ್ತಿದ್ದೆ.

ಆ ದಿನ ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ನೀನು ತಾಯಿ ಹುಲಿಯ ಹೆಜ್ಜೆ ತೋರಿಸಿದೆ. ಪಕ್ಕದಲ್ಲಿ ಮರಿಗಳದ್ದೂ ಇತ್ತು. ಅಳೆದು ಪುಸ್ತಕದಲ್ಲಿ ಬರೆದುಕೊಂಡೆ; ಕ್ಯಾಮೆರಾ ತೋರಿಸಿದ ಫೋಟೊಗಳ ಎಣಿಕೆಯನ್ನೂ. ರೋಲು ಬಿಚ್ಚುವಷ್ಟರಲ್ಲಿ ಆನೆ ಘೀಳಿಟ್ಟಿತು—ಚೀಟಿ ಅಂಟಿಸದೆ ಜೇಬಿಗೆ ಹಾಕಿಕೊಂಡು ಓಡಿದೆ. ಕೆರೆ ದಾರಿಯ ಕ್ಯಾಮೆರಾದ ರೋಲನ್ನೂ ಅವಸರದಲ್ಲಿ ತೆಗೆದೆ, ಚೀಟಿ ಅಂಟಿಸಲಿಲ್ಲ. ಅದೂ ಅದೇ ಜೇಬಿಗೆ. ಜೀಪಿನಲ್ಲಿ ಕೂತು ಅಂದಾಜಿನ ಮೇಲೆ ಚೀಟಿ ಬರೆದೆ.

ಕೆರೆ ದಾರಿ ಎಂದು ಬರೆದ ರೋಲಿನಲ್ಲಿ ತಾಯಿ, ಮರಿಗಳು ಸಿಕ್ಕವು. ಸಂಶೋಧಕಿ ಮೇಡಂ ಹಿಗ್ಗಿದರು. ಗಸ್ತಿನವರನ್ನು ಕೆರೆ ಕಡೆಗೆ ಹಾಕಿ ಎಂದು ಅರಣ್ಯ ಇಲಾಖೆಗೆ ಪತ್ರ ಬರೆಯಲು ಕೂತರು. ನೀನು ಫೋಟೊದ ಮೂಲೆಯಲ್ಲಿ ಬೆರಳಿಟ್ಟೆ.

"ಈ ಬಂಡೆ ಬೆಟ್ಟದ ಬುಡದ್ದು ಮೇಡಂ. ಕೆರೆ ತಾವ ಇಂಥಾದ್ದು ಎಲ್ಲದೆ?"

ಮೇಡಂ ನನ್ನ ಮುಖ ನೋಡಿದರು.

"ಇವತ್ತಿನವರೆಗೂ ನನ್ನ ಚೀಟಿ ತಪ್ಪಿಲ್ಲ," ಎಂದೆ.

ಸಂಜೆ ಪುಸ್ತಕ ತೆಗೆದು ನೋಡಿದೆ. ಬೆಟ್ಟದ ಬುಡದ ಕ್ಯಾಮೆರಾ ತೆಗೆದದ್ದು ಇಪ್ಪತ್ತೆರಡು ಫೋಟೊ. ಹುಲಿಯ ರೋಲಿನಲ್ಲಿದ್ದವೂ ಇಪ್ಪತ್ತೆರಡೇ. ಪತ್ರ ಇನ್ನೂ ಮೇಡಂ ಮೇಜಿನ ಮೇಲಿತ್ತು. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು—ಹೋಗಲಿಲ್ಲ. ಜೀವಮಾನವಿಡೀ ಇನ್ನೊಬ್ಬರ ತಪ್ಪು ತಿದ್ದಿದವನು ನಾನು.

ಮೂರು ವಾರದ ನಂತರ, ಗಸ್ತಿಲ್ಲದ ಬೆಟ್ಟದ ಬುಡದಲ್ಲಿ ಆ ತಾಯಿ ಕಳ್ಳಬೇಟೆಯವರ ತಂತಿಯ ಉರುಳಿಗೆ ಬಿದ್ದು ಸತ್ತಿತ್ತು. ಮರಿಗಳು ಮತ್ತೆ ಯಾವ ಕ್ಯಾಮೆರಾದಲ್ಲೂ ಕಾಣಲಿಲ್ಲ.

ವಿಚಾರಣೆಗೆ ಬಂದ ಇಲಾಖೆಯವರು ನಿನ್ನನ್ನೇ ಹಿಡಿದರು. "ಎಲ್ರೂ ಕೆರೆ ತಾವ ಅಂದ್ರೆ ನಿಂಗೊಬ್ಬನ್ಗೇ ಬೆಟ್ಟದ ಬುಡ ಅಂತ ಎಂಗ್ಲಾ ಗೊತ್ತಾಯ್ತು? ಉರುಳು ಹಾಕ್ದೋರು ನಿನ್ ನೆಂಟ್ರೇನ್ಲಾ?"

"ಮೇಷ್ಟ್ರುನ್ನೇ ಕೇಳಿ ಸಾ. ಅವತ್ತೇ ಎಜ್ಜೆ ತೋರ್ಸಿವ್ನಿ."

ಎಲ್ಲರೂ ನನ್ನ ಕಡೆ ತಿರುಗಿದರು. ಹೌದು ಎಂದರೆ ಚೀಟಿಯ ವಿಷಯವೂ ಹೊರಬೀಳುತ್ತಿತ್ತು.

"ನೆನಪಿಲ್ಲ," ಎಂದೆ.

ಹೆಜ್ಜೆಯ ಅಳತೆ ಬರೆದ ಪುಸ್ತಕ ಆಗ ನನ್ನ ಹೆಗಲ ಚೀಲದಲ್ಲೇ ಇತ್ತು. ನೀನು ನನ್ನನ್ನೇ ನೋಡುತ್ತಿದ್ದೆ—ನಾನು ಮರೆತಿರಬಹುದೆಂದು ನಂಬಿದೆಯೋ ಏನೋ.

ಪುರಾವೆ ಸಿಗದೆ ನಿನ್ನನ್ನು ಬಿಟ್ಟರು. ಆದರೆ ತಂಡದಿಂದ ತೆಗೆದರು. "ಉರುಳ್ ಮಾದ ಬಂದ, ನಾಯಿ ಕಟ್ಕಳ್ರಲಾ" ಎಂದು ಹೋಟೆಲಿನಲ್ಲಿ ನಗುತ್ತಿದ್ದರು. ಅಲ್ಲಿ ಕೂತು ನಾನು ಕಾಫಿ ಕುಡಿದಿದ್ದೇನೆ.

ಇಷ್ಟು ವರ್ಷಗಳ ಮೇಲೆ, ಹೋದ ತಿಂಗಳು ಬೇಗೂರಿನ ಬಸ್ ನಿಲ್ದಾಣದಲ್ಲಿ ನೀನು ಸಿಕ್ಕಿದೆ. ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಗೇಟು ಕಾಯುತ್ತೇನೆ ಎಂದೆ. "ಟೈಮೆಷ್ಟು ಮೇಷ್ಟ್ರೇ? ನಿಮ್ ವಾಚು ತಪ್ಪಾಕಿಲ್ಲ." ನಾನು ಟೈಮು ಹೇಳಿದೆ. ಅಷ್ಟೇ ಹೇಳಿದೆ.

ಮೇಡಂಗೆ ಎಲ್ಲವನ್ನೂ ಬರೆದಿದ್ದೇನೆ. ಪುಸ್ತಕದ ಆ ಹಾಳೆಯನ್ನೂ ಜೊತೆಗಿಟ್ಟಿದ್ದೇನೆ. ಅಂಚೆಗೆ ಹಾಕುವ ಮೊದಲು ನಿನ್ನೆದುರು ನಿಂತು ಓದಬೇಕು. ನಿನ್ನ ಪಾಳಿ ಎರಡು ಗಂಟೆಗೆ ಮುಗಿಯುತ್ತದಂತೆ. ನಾಳೆ ಗೇಟಿನ ಹೊರಗೆ ನಿಂತಿರುತ್ತೇನೆ. ನೀನು ಕೇಳದೆ ಮುಂದೆ ಹೋದರೆ ಮರುದಿನವೂ ಬಂದು ನಿಲ್ಲುತ್ತೇನೆ, ಮಾದಯ್ಯ.