ಗಿರಿಜಕ್ಕನ ಉಪ್ಪಿನಕಾಯಿ ವಿಮಾನ ಹತ್ತಿತು

ಬಜ್ಪೆ ಗುಡ್ಡದಲ್ಲಿ ವಿಮಾನ ಇಳಿಯಲು ಶುರುವಾಗಿ ಏಳೆಂಟು ವರ್ಷ ಕಳೆದಿತ್ತು. ಐವತ್ತೆಂಟೋ ಐವತ್ತೊಂಬತ್ತೋ ಇರಬೇಕು. ನನ್ನ ತಮ್ಮ ವಾಸುವಿಗೆ ಬಹರೈನಿನ ಒಂದು ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕಟ್ಟರ್ ಕೆಲಸ ಸಿಕ್ಕಿತ್ತು. ಬೊಂಬಾಯಿಯಿಂದ ಹಡಗು ಹೊರಡುವ ದಿನ ತಿಳಿಸುವ ತಂತಿ ತಡವಾಗಿ ಬಂತು. ಬಸ್ಸು ರೈಲು ಎಂದು ಹೋದರೆ ಹಡಗು ತಪ್ಪುವುದು ಖಂಡಿತ. ಹಾಗಾಗಿ ಬೊಂಬಾಯಿಯವರೆಗೆ ವಿಮಾನದ ಟಿಕೆಟ್ಟು. ನಮಗೆ ಅಪ್ಪ ಅಮ್ಮ ಇರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಅವನನ್ನು ಸಾಕಿದವಳು ನಾನು.

ನಮ್ಮ ಕಾಪುವಿನಲ್ಲಿ ಯಾರಾದರೂ ಬೊಂಬಾಯಿಗೆ ಹೊರಟರೆ ಸಾಕು, ಅಲ್ಲಿ ಹೋಟೆಲಿನಲ್ಲೋ ಮಿಲ್ಲಿನಲ್ಲೋ ಇರುವ ಮಕ್ಕಳಿಗೆಂದು ಊರೆಲ್ಲ ಕಟ್ಟು ಹಿಡಿದು ಬರುತ್ತದೆ. “ಸಣ್ಣ ಕಟ್ಟು, ಭಾರ ಎಂತ ಇಲ್ಲ” ಎಂದೇ ಎಲ್ಲರೂ ಹೇಳುವುದು. ಸಿಸಿಲಿಬಾಯಿ ಒಣ ಸಿಗಡಿ ತಂದಳು. ಪಕ್ಕದ ಮನೆಯ ಗಿರಿಜಕ್ಕ ಬೊಂಬಾಯಿಯ ಮಗನಿಗೆಂದು ಮಿಡಿ ಉಪ್ಪಿನಕಾಯಿಯ ಭರಣಿಯನ್ನೇ ಎತ್ತಿಕೊಂಡು ಬಂದಳು.

“ಅಕ್ಕ, ವಿಮಾನದಲ್ಲಿ ತೂಕ ನೋಡುತ್ತಾರಂತೆ. ಯಾರದ್ದೂ ಬೇಡ,” ಎಂದ ವಾಸು.

“ಒಂದು ಭರಣಿ ಹೊರಲಾಗದ ವಿಮಾನವಾ ಮಾರಾಯ? ಹಾಗಾದರೆ ನೀನೂ ಹತ್ತಬೇಡ,” ಎಂದಳು ಗಿರಿಜಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಸ್ನಾನಕ್ಕೆ ಹೋದಾಗ ಭರಣಿ, ಸಿಗಡಿ ಎರಡನ್ನೂ ಟ್ರಂಕಿನ ಅಡಿಗೆ ತುರುಕಿ ಮೇಲೆ ಅವನ ಅಂಗಿಗಳನ್ನು ಹರಡಿದೆ. ಊರಿನವರಿಗೆ ಇಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ತಮ್ಮನಿಗೆ ಸಲೀಸಾಗಿ ಬರುತ್ತಿತ್ತು.

ಸೇತುವೆಯಿಲ್ಲದ ಹೊಳೆಗಳಲ್ಲಿ ದೋಣಿ ಕಾಯುವುದು ಬೇಡವೆಂದು ಪಡುಬಿದ್ರಿಯಿಂದ ಕಾರ್ಕಳಕ್ಕೆ ಸುತ್ತಿ ಹೋದೆವು. ಕಾರ್ಕಳ ದಾಟಿದ ಮೇಲೆ ಬಸ್ಸಿನ ಟಯರು ಹೋಯಿತು. ಬಜ್ಪೆ ಮುಟ್ಟುವಾಗ ಇಬ್ಬರ ಮುಖದಲ್ಲೂ ಕೆಂಪು ಧೂಳು.

ವಿಮಾನ ನಿಲ್ದಾಣವೆಂದರೆ ಏನೋ ಅರಮನೆ ಎಂದುಕೊಂಡಿದ್ದೆ. ನೋಡಿದರೆ ಗುಡ್ಡದ ನೆತ್ತಿ ಕಡಿದು ಸಮ ಮಾಡಿದ ಬಯಲು, ನಮ್ಮ ಶಾಲೆಯಷ್ಟೇ ಒಂದು ಕಟ್ಟಡ, ಎರಡು ಬೆಂಚು, ಗಾಳಿಯ ದಿಕ್ಕು ನೋಡಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ. ಹೊರಗೆ ಕೋಲು ಹಿಡಿದು ಒಬ್ಬ ಮುದುಕ ನಿಂತಿದ್ದ. “ಮೊದಲು ಇಲ್ಲಿ ಬರೀ ಹುಲ್ಲು, ನನ್ನ ದನ ಇಲ್ಲೇ ಮೇಯುತ್ತಿದ್ದದ್ದು. ಈಗ ಅದೇ ದನ ಓಡಿಸಲು ನನ್ನನ್ನು ಇಟ್ಟಿದ್ದಾರೆ,” ಎಂದ.

ತೂಕದ ಯಂತ್ರವೂ ಒಂದೇ. ಪೆಟ್ಟಿಗೆಯನ್ನೂ ಮನುಷ್ಯರನ್ನೂ ಅದರಲ್ಲೇ ತೂಗುತ್ತಿದ್ದರು. ನಮ್ಮ ಟ್ರಂಕು ಇಟ್ಟ ಕೂಡಲೇ ಗುಮಾಸ್ತರು, “ಆರು ರಾತಲು ತೂಕ ಹೆಚ್ಚಾಯಿತು, ತೆಗೆಯಿರಿ,” ಎಂದರು.

“ಬಟ್ಟೆ, ನನ್ನ ಟೈಲರ್ ಕೆಲಸದ ಹತ್ಯಾರು, ಅಷ್ಟೇ ಸರ್,” ಎಂದ ವಾಸು.

“ನಿಮ್ಮ ಹತ್ಯಾರಿಗೆ ಸಿಗಡಿಯ ವಾಸನೆ ಉಂಟಲ್ಲ.”

ಹಿಂದೆ ನಿಂತಿದ್ದ ಕೋಟು ತೊಟ್ಟವರು ನಕ್ಕರು. ವಾಸು ನನ್ನನ್ನು ನೋಡಿದ. “ನಾನು ಎಂತ ಹೇಳಿದ್ದೆ ಅಕ್ಕ? ಆ ಭರಣಿಯೂ ಉಂಟಾ?” ನಾನು ಹೌದೆಂದು ತಲೆಯಾಡಿಸಿದೆ. “ಅದನ್ನು ತೆಗೆದು ಮನೆಗೆ ಕೊಂಡುಹೋಗು,” ಎಂದು ಹೇಳಿ, ಹೆಸರು ಬರೆಸಲು ಆಚೆಯ ಮೇಜಿಗೆ ಹೋದ. ವಿಮಾನ ಆಗಲೇ ಬಂದು ನಿಂತಿತ್ತು. ಗುಮಾಸ್ತರು ಬೇಗ, ಬೇಗ ಎನ್ನುತ್ತಿದ್ದರು.

ನೆಲದಲ್ಲಿ ಕುಳಿತು ಟ್ರಂಕು ಬಿಚ್ಚಿದೆ. ಭರಣಿಯ ಪಕ್ಕದಲ್ಲೇ ಅವನ ಹತ್ಯಾರಿನ ಕಟ್ಟು: ದೊಡ್ಡ ಕತ್ತರಿ, ಕಬ್ಬಿಣದ ಗಜ, ಸಣ್ಣ ಇಸ್ತ್ರಿಪೆಟ್ಟಿಗೆ. ವಾಸು ಎಡಗೈಯವನು. ಎಡಗೈಗೆ ಹೊಂದುವ ಕತ್ತರಿ ಎಲ್ಲಿಯೂ ಸಿಗದೆ ಕಾರ್ಕಳದ ಒಬ್ಬ ಕಮ್ಮಾರನಿಂದ ನಾಲ್ಕು ಸಲ ತಿದ್ದಿಸಿ ಮಾಡಿಸಿಕೊಂಡದ್ದು ಅದು.

ಭರಣಿ ತಿರುಗಿ ಕೊಂಡುಹೋದರೆ ಗಿರಿಜಕ್ಕ ಬಾವಿಕಟ್ಟೆಯಲ್ಲಿ ಏನು ಹೇಳಿಯಾಳು ಎಂಬುದು ನನಗೆ ಅಲ್ಲೇ ಕೇಳಿಸಿತು. “ತಮ್ಮ ವಿಮಾನ ಹತ್ತಿದ್ದೇ ಹತ್ತಿದ್ದು, ಇವಳಿಗೆ ನಮ್ಮ ಉಪ್ಪಿನಕಾಯಿ ಭಾರವಾಯಿತು.” ಬೊಂಬಾಯಿಯಲ್ಲಿ ಕತ್ತರಿ ಸಿಗುವುದಿಲ್ಲವಾ ಎಂದು ಮನಸ್ಸಿಗೆ ಹೇಳಿಕೊಂಡೆ. ಎಡಗೈಯ ಕತ್ತರಿ ಸಿಗುವುದಿಲ್ಲವೆಂದು ಗೊತ್ತಿತ್ತು. ಆದರೂ ಆ ಕಟ್ಟನ್ನು ನನ್ನ ಚೀಲಕ್ಕೆ ಹಾಕಿ, ಭರಣಿ, ಸಿಗಡಿ ಎರಡನ್ನೂ ಇದ್ದಲ್ಲೇ ಬಿಟ್ಟು ಟ್ರಂಕು ಮುಚ್ಚಿದೆ. ತೂಕ ಸರಿಯಾಯಿತು. ಆಳುಗಳು ಎತ್ತಿಕೊಂಡು ಹೋದರು.

“ತೆಗೆದೆಯಾ?” ಎಂದು ವಾಸು ಬಂದ.

“ತೆಗೆದೆ.”

“ಹತ್ಯಾರು ಉಂಟಲ್ವಾ?”

“ಉಂಟು.”

ಅವನು ನನ್ನ ಚೀಲ ಭಾರಕ್ಕೆ ಜಗ್ಗಿದ್ದನ್ನು ನೋಡಿದ, ಭರಣಿ ಅದರಲ್ಲಿದೆ ಎಂದು ನಂಬಿದ. “ಎಲ್ಲರ ಎದುರು ಜೋರು ಮಾಡಿದೆ, ಮನಸ್ಸಿಗೆ ಹಾಕಿಕೊಳ್ಳಬೇಡ ಅಕ್ಕ,” ಎಂದು ಕಾಲು ಮುಟ್ಟಿ ಹೋದ.

ಮೊದಲು ಬಂದದ್ದು ಬೊಂಬಾಯಿಯಿಂದ ಗಿರಿಜಕ್ಕನ ಮಗನ ಕಾಗದ. ವಾಸು ಹಡಗು ಹತ್ತುವ ಮೊದಲು ಭರಣಿ ಮುಟ್ಟಿಸಿದ್ದನಂತೆ. ಉಪ್ಪಿನಕಾಯಿ ಒಳ್ಳೆಯದಿತ್ತಂತೆ, ಉಪ್ಪು ಸ್ವಲ್ಪ ಹೆಚ್ಚಂತೆ. ತಿಂಗಳ ಮೇಲೆ ಬಹರೈನಿನಿಂದ ವಾಸುವಿನದ್ದು ಬಂತು. ಬೈಗುಳ ಒಂದೂ ಇರಲಿಲ್ಲ. ಅಲ್ಲಿಯ ಕತ್ತರಿಯಲ್ಲಿ ತನಗೆ ಬಟ್ಟೆ ನೇರ ಹೋಗುವುದಿಲ್ಲ, ಅಂಗಿಯ ಗುಂಡಿಗಳಿಗೆ ಕಾಜ ಹೊಲಿಯಲು ಕೂರಿಸಿದ್ದಾರೆ, ಯಾರಾದರೂ ಬರುವವರಿದ್ದರೆ ಹತ್ಯಾರು ಕಳುಹಿಸು ಎಂದಿತ್ತು.

ಕಟ್ಟು ಹಿಡಿದು ಮನೆ ಮನೆ ಅಲೆದೆ. ಗಿರಿಜಕ್ಕನ ಅಳಿಯ ಬೊಂಬಾಯಿಗೆ ಹೊರಟಿದ್ದ, ಅಲ್ಲಿ ಬಹರೈನಿನ ಹಡಗು ಹತ್ತುವವರ ಕೈಗೆ ಕೊಟ್ಟರೆ ಸಾಕಿತ್ತು. “ಕಬ್ಬಿಣ ಯಾರು ಹೊರುತ್ತಾರೆ?” ಎಂದ. ಗಿರಿಜಕ್ಕ ಹೌದು ಹೌದು ಎಂದಳು. ಬಹರೈನಿಗೆ ಹೊರಟ ಉಚ್ಚಿಲದ ಒಬ್ಬರು ಒಪ್ಪಿ ಕೊಂಡುಹೋಗುವಾಗ ಐದು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಅಂಗಡಿಗೆ ಬೇರೆ ಕಟ್ಟರ್ ಬಂದಿದ್ದ. ಕಟ್ಟರ್ ಆಗಿ ಹೋದ ನನ್ನ ತಮ್ಮ ಎರಡು ವರ್ಷ ಕಾಜ ಹೊಲಿದ.

ಈಗ ಅವನದು ಒಳ್ಳೆಯ ಕೆಲಸವೇ. ರಜೆಯಲ್ಲಿ ಬಂದರೆ ನನಗೆ ಸೀರೆ ತರುತ್ತಾನೆ, ಮಕ್ಕಳೊಂದಿಗೆ ನಗುತ್ತಾನೆ. ಆ ದಿನದ ಮಾತು ಒಮ್ಮೆಯೂ ಎತ್ತಿಲ್ಲ. ಆದರೆ ಹೊರಡುವುದು ಯಾವಾಗ ಎಂದು ಕೇಳಿದರೆ, “ನೋಡಬೇಕು ಅಕ್ಕ” ಎನ್ನುತ್ತಾನೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ಕಟ್ಟಿ ಅಂಗಳದಲ್ಲಿ ನಿಂತಿರುತ್ತಾನೆ. ದಾರಿಗೆಂದು ಎರಡು ಕಡುಬು ಕಟ್ಟಿಕೊಡಲೂ ನನಗೆ ಹೊತ್ತು ಸಿಗುವುದಿಲ್ಲ.

ಕಳೆದ ಸಲ ಹಾಗೆ ನಿಂತಿದ್ದಾಗ ಧೈರ್ಯ ಮಾಡಿ, “ವಾಸು, ಆ ದಿನ ಬಜ್ಪೆಯಲ್ಲಿ ನಾನು…” ಎಂದು ಶುರು ಮಾಡಿದೆ.

“ಬಸ್ಸಿಗೆ ಹೊತ್ತಾಯಿತು ಅಕ್ಕ,” ಎಂದು ಪೆಟ್ಟಿಗೆ ಎತ್ತಿಕೊಂಡ.

ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು.