ಕೊಳ್ಳುವವರ ವಕೀಲರು ಮತ್ತು ಗಿರಿಜಾ ಶೆಡ್ತಿ

೧೯೬೪ರಲ್ಲಿ ತಲ್ಲೂರಿನ ಸೂರ ಶೆಟ್ರ ಹೋಟೆಲು ಎಂದರೆ ಎರಡು ಕೋಣೆ, ಆರು ಬೆಂಚು, ಹಿಂದುಗಡೆ ಒಂದು ಬಾವಿ. ಸೂರ ಶೆಟ್ರು ತೀರಿಕೊಂಡು ಏಳು ವರ್ಷ ಕಳೆದಿದ್ದರೂ ಹೋಟೆಲಿನ ಹೆಸರು ಹಾಗೇ ಉಳಿದಿತ್ತು. ಮುಂದಿನ ಕೋಣೆಯ ಗಲ್ಲಾ ಪೆಟ್ಟಿಗೆಯ ಹಿಂದೆ ಅವರ ಅಕ್ಕನ ಮಗ ಗುಣಪಾಲ ಕೂರುತ್ತಿದ್ದ. ಹಿಂದಿನ ಕೋಣೆಯ ಒಲೆಯ ಮುಂದೆ ಅವರ ಹೆಂಡತಿ ಗಿರಿಜಾ ಶೆಡ್ತಿ ಇರುತ್ತಿದ್ದರು. ಊರಿಗೆಲ್ಲ ಅವರು ಗಿರಿಜಕ್ಕ.

ಇವರದ್ದು ಅಳಿಯಸಂತಾನದ ಕಟ್ಟು. ಮಾವ ಸತ್ತರೆ ಅವನದ್ದೆಲ್ಲ ಅಕ್ಕತಂಗಿಯರ ಮಕ್ಕಳಿಗೆ. ಹೆಂಡತಿಯಾದವಳು ತನ್ನ ತಾಯಿಮನೆಯ ದಾರಿ ಹಿಡಿಯಬೇಕು. ಗಿರಿಜಕ್ಕನ ತಾಯಿಮನೆಯವರೋ ಆ ಹೊತ್ತಿಗೆ ಪಾಲಾಗಿ ದಿಕ್ಕಿಗೊಬ್ಬರಾಗಿದ್ದರು. ಬಾ ಎಂದು ಕರೆದವರಿಲ್ಲ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಗುಣಪಾಲನೇ ಹೇಳಿದ್ದ: "ಅತ್ತೆ, ನೀವ್ ಎಲ್ಲಿಗೂ ಹೋಪುದ್ ಬ್ಯಾಡ. ಒಲಿ ಕಾಣ್ಕಂಡ್ ಇಲ್ಲೇ ಇರಿ."

ಇದನ್ನು ಅವನು ಉಪಕಾರವೆಂದೇ ತಿಳಿದಿದ್ದ. ಗಿರಿಜಕ್ಕ ಕೂಡ ಉಪಕಾರವೆಂದೇ ತಿಳಿದಿದ್ದರು. ಕೋಳಿ ಕೂಗುವ ಮೊದಲು ಎದ್ದು, ಹೊಗೆಯಲ್ಲಿ ಕಣ್ಣು ಸುಟ್ಟುಕೊಂಡು, ಸಂಬಳವೆಂಬ ಮಾತೇ ಇಲ್ಲದೆ, ವರ್ಷಕ್ಕೆ ಎರಡು ಸೀರೆಗೆ ಏಳು ವರ್ಷ ಬೆಂದವರು ಗುಣಪಾಲನನ್ನು ನೆನೆದು ಕೈಮುಗಿಯುತ್ತಿದ್ದರು! ಕೇಳಿದವರ ಮೈ ಉರಿಯಬೇಕು. ಆದರೆ ಗುಣಪಾಲ ಕೆಟ್ಟವನಲ್ಲ, ಅದೇ ಇದರಲ್ಲಿನ ಕಷ್ಟ.

ಆ ವರ್ಷ ಬೊಂಬಾಯಿಯಿಂದ ಅವನ ಸ್ನೇಹಿತನ ಕಾಗದ ಬಂತು. ದೊಡ್ಡ ಹೋಟೆಲಿನಲ್ಲಿ ಪಾಲುದಾರನಾಗು, ಬೇಗ ಹೊರಟು ಬಾ ಎಂದು. ಗುಣಪಾಲನ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಬ್ರಹ್ಮಾವರದ ಅಣ್ಣಯ್ಯ ಹೆಗ್ಡೆಯವರು ಹೋಟೆಲನ್ನು ಕೊಳ್ಳುವುದೆಂದೂ ಅವರ ಕಡೆಯ ಅಡುಗೆಯವರೇ ಬರುವುದೆಂದೂ ಮಾತಾಯಿತು. ಗಿರಿಜಕ್ಕನಿಗೆ ಇದು ತಿಳಿದದ್ದು ಬಾವಿಕಟ್ಟೆಯಲ್ಲಿ, ಅರೆಯಲು ಬರುತ್ತಿದ್ದ ಪದ್ದುವಿನ ಬಾಯಿಂದ.

"ಹಂಗಾರೆ ನೀವ್ ಎಲ್ಲಿಗ್ ಹೋತ್ರಿ ಗಿರಿಜಕ್ಕ?"

"ಗುಲಾಬಿ ಅತ್ಗಿ ಮನಿಗೆ," ಎಂದರು ಗಿರಿಜಕ್ಕ. ಗುಲಾಬಿ ಎಂದರೆ ಗುಣಪಾಲನ ತಾಯಿ. ಆ ಮನೆಯಲ್ಲಿ ಒಲೆಗೆ ಮೂವರು ಸೊಸೆಯಂದಿರಿದ್ದರು. ಅಲ್ಲಿ ತಾನು ಕೆಲಸಕ್ಕೆ ಬೇಡ, ಅನ್ನಕ್ಕೆ ಮಾತ್ರ ಎಂದು ನೆನೆಯುತ್ತ ಗಿರಿಜಕ್ಕ ಇನ್ನೊಂದು ಕೊಡ ಸೇದಿದರು. ಎದುರಾಡಬೇಕೆಂದು ಅವರಿಗೆ ತೋಚಲೂ ಇಲ್ಲ. ತನ್ನದಲ್ಲದ್ದಕ್ಕೆ ಬಾಯಿ ಹಾಕುವುದು ಹೇಗೆ?

ಒಂದು ಬುಧವಾರ ಅಣ್ಣಯ್ಯ ಹೆಗ್ಡೆಯವರು ತಮ್ಮ ವಕೀಲರನ್ನು ಕರೆದುಕೊಂಡು ಬಂದರು. ಕುಂದಾಪುರದ ವೆಂಕಟ ಹೊಳ್ಳರು, ಬಡಕಲು ಮೈ, ಬಣ್ಣ ಮಾಸಿದ ಕರಿಕೋಟು. ಗುಣಪಾಲ ಕಾಗದದ ಕಟ್ಟು ಮುಂದಿಟ್ಟರೆ ಅದನ್ನು ಬದಿಗೆ ಸರಿಸಿದರು.

"ಕಾಗ್ದ ಮತ್ತೆ ಕಾಂಬ. ಮೊದ್ಲ್ ಹೋಟ್ಲ್ ಕಾಣ್ಕ್."

ಕಂಡದ್ದೆಂದರೆ ಏನು ಕಾಣುವುದು! ಮೊದಲ ಬಸ್ಸಿನಿಂದ ಹನ್ನೆರಡು ಗಂಟೆಯ ಬಸ್ಸಿನವರೆಗೆ ಮೂಲೆಯ ಬೆಂಚಿನಲ್ಲಿ ಕೂತರು. ನಡುನಡುವೆ ಎದ್ದು ಒಂದೊಂದನ್ನೇ ಬೊಟ್ಟು ಮಾಡಿ ಕೇಳಿದರು, ಇದು ಯಾರದ್ದು? ಬೆಂಚು ಯಾರದ್ದು, ಬಾವಿ ಯಾರದ್ದು, ಬಾವಿಗೆ ಹೋಗುವ ದಾರಿ ಯಾರ ಜಾಗದಲ್ಲಿದೆ, ರುಬ್ಬುವ ಕಲ್ಲು ತಂದವರು ಯಾರು? ಅಣ್ಣಯ್ಯ ಹೆಗ್ಡೆಯವರಿಗೆ ಆಕಳಿಕೆ ಬಂತು. ಒಳಗೆ ಒಲೆಯ ಮುಂದಿದ್ದ ಗಿರಿಜಕ್ಕ ಮಾತ್ರ ಕಿವಿಗೊಟ್ಟು ಕೇಳುತ್ತಿದ್ದರು. ಬಾವಿ ತೋಡಿಸಿದಾಗ ಗಂಡ ಕಲ್ಲು ಹೊತ್ತದ್ದು, ರುಬ್ಬುವ ಕಲ್ಲನ್ನು ಗಾಡಿಯಲ್ಲಿ ತಂದದ್ದು ಎಲ್ಲ ಕಣ್ಣೆದುರು ಬಂತು. ಈ ಹೋಟೆಲನ್ನು ಇಷ್ಟು ಗೌರವದಿಂದ ನೋಡಿದವರನ್ನು ಅವರು ಅದುವರೆಗೆ ಕಂಡಿರಲಿಲ್ಲ.

ಊಟದ ಹೊತ್ತಿಗೆ ಹೊಳ್ಳರು ಕಾಗದ ಬಿಚ್ಚಿದರು. ಜಾಗದ ಕ್ರಯಪತ್ರ ಸೂರ ಶೆಟ್ಟಿಯ ಹೆಸರಲ್ಲಿ. ಪಂಚಾಯತಿಯ ಲೈಸೆನ್ಸೂ ಸೂರ ಶೆಟ್ಟಿಯ ಹೆಸರಲ್ಲಿ, ಆ ವರ್ಷದ್ದು ಕೂಡ.

"ಇದೆಂತ ಗುಣಪಾಲ್ರೆ, ಸತ್ತವ್ರ್ ಇನ್ನೂ ಹೋಟ್ಲ್ ನಡ್ಸ್ತಿದ್ರಾ?"

"ಮಾವನ ಹೆಸ್ರ್ ತೆಗೂಕೆ ಮನಸ್ ಬರ್ಲಿಲ್ಲೆ," ಎಂದ ಗುಣಪಾಲ. ನಿಜವನ್ನೇ ಹೇಳಿದ್ದ. "ಅವ್ರದ್ದೆಲ್ಲ ನಂಗೇ ಅಲ್ದಾ? ಅಳಿಯ ನಾನ್."

"ಈ ಜಾಗ ಕುಟುಂಬದ ದುಡ್ಡಂಗ್ ತಕಂಡದ್ದಾ?"

"ಅಲ್ಲ. ಮಾವ ಶಿವಮೊಗ್ಗದ ಹೋಟ್ಲಂಗೆ ದುಡಿದ್ ತಕಂಡದ್ದ್."

ಹೊಳ್ಳರು ಕನ್ನಡಕ ತೆಗೆದು ಒರೆಸಿಕೊಂಡರು. "ಅವ್ರ ಹೆಂಡ್ತಿ ಇದ್ರಾ?"

ಗಿರಿಜಕ್ಕ ಸೆರಗಿನಲ್ಲಿ ಕೈ ಒರೆಸುತ್ತ ಬಾಗಿಲಿಗೆ ಬಂದು ನಿಂತರು. ಹೊಳ್ಳರು ಎದ್ದು ನಿಂತರು! ಒಲೆಯ ಮುಂದಿನಿಂದ ಬಂದ ಹೆಂಗಸಿಗೆ ಕರಿಕೋಟಿನವರು ಎದ್ದು ನಿಂತದ್ದು ತಲ್ಲೂರಿನಲ್ಲಿ ಅದೇ ಮೊದಲಿರಬೇಕು.

"ನಿಮ್ಮ ಯಜಮಾನ್ರ್ ತೀರ್ಕಂಡದ್ದ್ ಯಾವ ವರ್ಷ, ನೆನಪಿತ್ತಾ?"

ಇಸವಿ ಗಿರಿಜಕ್ಕನಿಗೆ ತಿಳಿಯದು. "ಹೊಸ ಪೈಸೆ ಬಂದ ವರ್ಷ. ಚಾಯಕ್ಕೆ ಎಷ್ಟ್ ತಕಣ್ಕ್ ಅಂದೇಳಿ ಗಿರಾಕಿಗಳ ಕೂಡೆ ದಿನಾ ಜಗ್ಳ. ಆ ಸೋಣಿ ತಿಂಗ್ಳಂಗೆ ಮೂರೇ ದಿನ ಜ್ವರ."

"ಐವತ್ತೇಳು," ಎಂದರು ಹೊಳ್ಳರು ಮೆಲ್ಲಗೆ. "ಉಯಿಲ್ ಎಂತಾರೂ ಬರ್ದಿಟ್ಟಿದ್ರಾ?"

"ಇಲ್ಲೆ."

"ಮಕ್ಳ್? ಅವ್ರ ತಾಯಿ ಇದ್ದಿದ್ರಾ?"

"ಯಾರೂ ಇಲ್ಲೆ. ನಾನೊಬ್ಳೇ."

ಹೊಳ್ಳರು ಅಣ್ಣಯ್ಯ ಹೆಗ್ಡೆಯವರ ಕಡೆ ತಿರುಗಿದರು. "ಹೆಗ್ಡೆಯವ್ರೆ, ಗುಣಪಾಲ್ರ ಹತ್ರ ಮಾರೂಕೆ ಎಂತದೂ ಇಲ್ಲೆ. ಐವತ್ತಾರನೇ ಇಸವಿ ಜೂನ್ ತಿಂಗ್ಳಂಗ್ ಹೊಸ ಕಾಯ್ದಿ ಬಂತ್. ಅದಾದ್ ಮೇಲೆ ಸತ್ತವ್ರ ಸ್ವಂತದ್ದ್ ಮೊದ್ಲ್ ಹೆಂಡ್ತಿಗೆ, ಮಕ್ಳಿಗೆ, ತಾಯಿಗೆ. ಈ ಹೋಟ್ಲ್ ಏಳ್ ವರ್ಷದಿಂದ ಈ ಅಮ್ಮಂದ್."

ಒಲೆಯ ಮೇಲೆ ಸಾರು ಉಕ್ಕಿ ಚುಂಯ್ ಎಂದಿತು. ಗುಣಪಾಲ ಕ್ರಯಪತ್ರವನ್ನು ಎಳೆದುಕೊಂಡು ಮತ್ತೆ ಓದಿದ. ಗಿರಿಜಕ್ಕನಿಗೆ ಮಾತು ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಾಗ ಅವರಿಗೆ ಮೊದಲು ಆದದ್ದು ಸಂತೋಷವಲ್ಲ, ಭಯ. ಬಾಗಿಲ ದಾರಂದವನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಹೊಳ್ಳರು ಮತ್ತೆ ಅವರ ಕಡೆ ನೋಡಿ ಹೇಳಿದ ಮಾತು ಇನ್ನೂ ವಿಚಿತ್ರ. "ಅಮ್ಮ, ನಾನ್ ಕೊಳ್ಳುವವ್ರ ವಕೀಲ, ನಿಮ್ಮ ವಕೀಲ ಅಲ್ಲ. ನಾನ್ ಹೇಳದ್ದ್ ನಂಬ್ಬೇಡಿ. ಕುಂದಾಪ್ರದಂಗೆ ಬೇರೆ ಯಾರಾರೂ ವಕೀಲ್ರನ್ನ್ ಕೇಣಿ. ಅಲ್ಲೀವರಿಗೆ ಯಾರ್ ಹೇಳ್ರೂ ಹೆಬ್ಬೆಟ್ಟ್ ಒತ್ಬೇಡಿ. ನಾನ್ ಹೇಳ್ರೂ."

ಅಣ್ಣಯ್ಯ ಹೆಗ್ಡೆಯವರಿಗೆ ಸಿಟ್ಟು ನೆತ್ತಿಗೇರಿತು. "ಫೀಸ್ ಕೊಟ್ಟ್ ನಿಮ್ಮನ್ನ್ ಕರ್ಕಂಡ್ ಬಂದದ್ದ್ ಇದಕ್ಕಾ ಮಾರಾಯ್ರೆ? ಮೆಲ್ಲಗೊಂದ್ ಹೆಬ್ಬೆಟ್ಟ್ ತಕಂಡಿದ್ರೆ ಮುಗೀತಿತ್ತ್!"

"ಇದಕ್ಕೇ ಕರ್ಕಂಡ್ ಬಂದದ್ದ್," ಎಂದರು ಹೊಳ್ಳರು. "ಗೊತ್ತಿಲ್ದೆ ಒತ್ತಿದ ಹೆಬ್ಬೆಟ್ಟ್ ನಂಬ್ಕಂಡ್ ನೀವ್ ಕೊಂಡ್ರೆ, ನಾಳೆ ನಿಮ್ಮ ಮಕ್ಳ್ ಕೋರ್ಟಿನ ಮೆಟ್ಲ್ ಸವೆಸ್ಕ್." ಎಂಟು ದಿನ ಬಿಟ್ಟು ಬರುವುದೆಂದು ಹೇಳಿ ಹೊರಟರು. ಹೋಗುವಾಗ ತಾವು ಉಂಡದ್ದಕ್ಕೆ ಗಲ್ಲಾ ಪೆಟ್ಟಿಗೆಯ ಮೇಲೆ ಚಿಲ್ಲರೆ ಇಟ್ಟರು. ಗುಣಪಾಲ ಅದನ್ನು ಮುಟ್ಟಲಿಲ್ಲ.

ಮೂರನೇ ದಿನ ಗಿರಿಜಕ್ಕ ಪದ್ದುವನ್ನು ಜೊತೆಗೆ ಕಟ್ಟಿಕೊಂಡು ಕುಂದಾಪುರಕ್ಕೆ ಹೋಗಿ, ಗುರುತಿಲ್ಲದ ಇನ್ನೊಬ್ಬ ವಕೀಲರನ್ನು ಕಂಡರು. ಅವರೂ ಅಕ್ಷರಕ್ಕೆ ಅಕ್ಷರ ಅದನ್ನೇ ಹೇಳಿದರು. ಗಿರಿಜಕ್ಕ ಮೂರು ಸಲ ಕೇಳಿ ಹೇಳಿಸಿಕೊಂಡರು. ಕಪಾಟಿನ ದಪ್ಪ ಪುಸ್ತಕ ತೆಗೆಸಿ ಆ ಸಾಲು ಎಲ್ಲಿದೆ ತೋರಿಸಿ ಎಂದರು. ಓದಲು ಬಾರದಿದ್ದರೂ ಅದರ ಮೇಲೆ ಬೆರಳಿಟ್ಟು ನೋಡಿದರು. ಕಾಣದ ದೆಲ್ಲಿಯಲ್ಲಿ ಹೆಸರು ಗೊತ್ತಿಲ್ಲದ ಯಾರೋ ಕೂತು, ಮಕ್ಕಳಿಲ್ಲದ ಒಬ್ಬಳು ಗಂಡ ಸತ್ತ ಮೇಲೆ ಎಲ್ಲಿಗೆ ಹೋದಾಳು ಎಂದು ಯೋಚಿಸಿ, ಅವಳಿಗಾಗಿ ಒಂದು ಸಾಲು ಬರೆದಿಟ್ಟಿದ್ದಾರೆ. ತಾನು ಒಲೆ ಊದುತ್ತಿದ್ದಷ್ಟು ಕಾಲವೂ ಆ ಸಾಲು ಇಲ್ಲಿ ಇತ್ತು! ಗಿರಿಜಕ್ಕನ ಮೈ ಜುಮ್ಮೆಂದಿತು. ದೇವರ ಮುಂದೆ ನಿಂತಾಗಲೂ ಹಾಗಾಗಿರಲಿಲ್ಲ ಎಂದು ಪದ್ದುವಿನ ಹತ್ತಿರ ಆಮೇಲೆ ಹೇಳಿಕೊಂಡರಂತೆ.

ಆರನೇ ದಿನ ಗುಲಾಬಿ ಶೆಡ್ತಿ ಬಂದು ಅತ್ತರು. "ಮನಿ ಮುರೀಬೇಡ ಗಿರಿಜಾ. ಒಂದ್ ಹೆಬ್ಬೆಟ್ಟ್ ಹಾಕ್. ಸಾಯೂವರಿಗೆ ನಿಂಗೆ ಅನ್ನ ಹಾಕೂದ್ ನಾನ್." ಗುಲಾಬಿಯ ಮೇಲೆ ಗಿರಿಜಕ್ಕನಿಗೆ ಪ್ರೀತಿ ಇತ್ತು. ಅವರಿಗೆ ಬಿಸಿ ಬಿಸಿ ದೋಸೆ ಹಾಕಿ ಕಳಿಸಿದರು. ಆ ಎರಡು ದಿನ ಅವರು ಪಟ್ಟ ಸಂಕಟ ಅಷ್ಟಿಷ್ಟಲ್ಲ. ಇಲ್ಲ ಎಂದರೆ ಅತ್ತಿಗೆ ಹೋಗುತ್ತಾರೆ, ಹೂಂ ಎಂದರೆ ಒಲೆ ಹೋಗುತ್ತದೆ.

ಎಂಟನೇ ದಿನ ಎಲ್ಲರೂ ಸೇರಿದರು. ಹೊಳ್ಳರು ಒಂದೇ ಮಾತು ಕೇಳಿದರು: "ಮಾರ್ತ್ರಿಯಾ ಅಮ್ಮ?"

"ಮಾರೂದಿಲ್ಲೆ," ಎಂದರು ಗಿರಿಜಕ್ಕ. "ಗುಣಪಾಲಂದ್ ಎಂತ ತಪ್ಪಿಲ್ಲೆ. ಅವನೂ ಏಳ್ ವರ್ಷ ಇಲ್ಲಿ ಕೂತಿದ್ದ. ಬೊಂಬಾಯಿಗೆ ಹೋಪುದಾರೆ ಅವ್ನಿಗೆ ಎಂತ ಕೊಡ್ಕೋ ಅದ್ನ್ ಬರೀರಿ, ನಾನ್ ಕೊಡ್ತೆ. ಹೋಟ್ಲ್ ನಂದ್. ನಾನೇ ನಡ್ಸ್ತೆ."

ಕೈಯಿಂದ ವ್ಯಾಪಾರ ಜಾರಿದ ಅಣ್ಣಯ್ಯ ಹೆಗ್ಡೆಯವರು ಕೊಡೆ ಎತ್ತಿಕೊಂಡರು. ಹೊಳ್ಳರ ಮುಖದಲ್ಲಿ ಮಾತ್ರ ಗೆದ್ದವರ ಕಳೆ ಇತ್ತು. "ಹೆಗ್ಡೆಯವ್ರ ಕೆಲ್ಸ ಮುಗೀತ್. ಇನ್ನ್ ನಿಮ್ಗೆ ಬೇಕಾರೆ ನಾನ್ ನಿಮ್ಮ ವಕೀಲ," ಎಂದರು.

ಅವರು ಹೋದ ಮೇಲೆ ಗಿರಿಜಕ್ಕ ಒಳಗೆ ಹೋಗದೆ, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತುಬಿಟ್ಟರು. ಇಷ್ಟು ವರ್ಷದಲ್ಲಿ ಅಲ್ಲಿ ಕೂತದ್ದಿಲ್ಲ. ಅಲ್ಲಿಂದ ರಸ್ತೆ ಕಾಣುತ್ತಿತ್ತು, ಬರುವ ಬಸ್ಸು ಕಾಣುತ್ತಿತ್ತು. ಇಷ್ಟೆಲ್ಲ ತನ್ನ ಹೋಟೆಲಿನ ಮುಂದೆ ಇತ್ತೇ ಎಂದು ಬೆರಗಾಗಿ ನೋಡುತ್ತ ಕೂತರು.

ಗುಣಪಾಲ ಎಂಟು ದಿನದಿಂದ ಅವರ ಕೂಡೆ ಮಾತು ಬಿಟ್ಟಿದ್ದ. ಈಗ ಗಲ್ಲಾ ಪೆಟ್ಟಿಗೆಯ ಬೀಗದಕೈ ತಂದು ಬೆಂಚಿನ ಮೇಲಿಟ್ಟು ಒಳಗೆ ಹೋದ. ಒಲೆ ಊದುವ ಸದ್ದಾಯಿತು, ಲೋಟದ ಸದ್ದಾಯಿತು. ಆಮೇಲೆ ಬಾಗಿಲಿಗೆ ಬಂದು, ಕಣ್ಣು ತಗ್ಗಿಸಿ ಕೇಳಿದ:

"ಅತ್ತೆ, ನಿಮ್ಮ ಚಾಯಕ್ಕೆ ಸಕ್ರಿ ಎಷ್ಟ್ ಹಾಕೂದ್?"

ಗಿರಿಜಕ್ಕ ಬೀಗದಕೈಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತ ಅವನ ಕಡೆ ತಿರುಗಿದರು. ಅದನ್ನು ಯಾರೂ ಅವರನ್ನು ಕೇಳಿರಲಿಲ್ಲ.